ಆರತಿ ವಿಮಾ, ಅಣ್ಣಾಸಾಹೇಬನ ಕ್ಷಮಾ

ಅಲ್ಲ ಶೈಲಾ, ಮೂಡಲಗ್ಯಾಗ ಖೋಲಿ ಹಿಡದಿ, ಕುರ್ಚಿ ತಂದಿ, ಬೋರ್ಡ್ ಬರಸಾಕೂ ಕೊಟ್ಟಿ, ಆದ್ರ ವಿಮಾ ಇನ್ನೂ ಮಾಡಸಿಲ್ಲ ಅಂತೀಯಲ್ಲ, ನಿನಗ ಏನನಬೇಕು. ಕುಂದರು ಇಲ್ಲಿ ಕಟ್ಟಿ ಮ್ಯಾಲ. ಆರತಿ ಒಳಗ ಯಾರ್ನೋ ಕುಂದರಿಸಿಕೊಂಡಾಳ, ಇನ್ನ ಒಂದ್ ತಾಸ ಹೊರಗ ಬರೂದಿಲ್ಲ. ನಿಮ್ಮ ಸಮಾಲೋಚಕರ ಸಂಘದ ಪುಸ್ತಕಕ್ಕ ಆಕಿ ಬಗ್ಗೆ ಬರೀಬೇಕು ಅಂದ್ರ ಆಕೀನ್ನ ಕೇಳಬ್ಯಾಡ. ಆಕಿ "ನಂದೇನ ಐತಿ ಬರ್ಯಾಕ" ಅಂತ ಚಾ ಕುಡಿಸಿ ಕಳಸ್ತಾಳ. ನನ್ನ ಕೇಳು, ಬೆಳಸಿದಾಕಿ ನಾನು. ಮೊಬೈಲ್ ಈ ಕಡೆ ಹಿಡಿ, ಅಲ್ಲಿ ಗಿರಣಿ ಸಪ್ಪಳ ಬರ್ತೈತಿ.

ಆರತಿ ನನ್ನ ಮಗಳ ಮಗಳು, ಹುಟ್ಟಿದ್ದು ಕುಲಗೋಡದಾಗ. ಮಗಳು ಬಾಣಂತನದಾಗ ಹೋದ್ಲು. ಅಳಿಯ ಇನ್ನೊಂದ್ ಲಗ್ನ ಆದ, ಆ ಹುಡಿಗಿ ಕೆಟ್ಟಾಕಿ ಏನಲ್ಲ, ಆದ್ರ ನಾ ಕೂಸು ಬಿಡಲಿಲ್ಲ. ಹತ್ತ ತಿಂಗಳದ್ದು, ಟಾವೆಲ್‌ನ್ಯಾಗ ಸುತಗೊಂಡು ಗೋಕಾಕ ಬಸ್ ಹತ್ತಿದ್ನಿ. ನಮ್ಮ ಮನಿಯವರು, ಜಿನಪ್ಪ ಅಂತ, ಈಗ ಹೆಸರ ಹೇಳ್ತೇನಿ, ಹೋಗಿ ಹನ್ನೆರಡ ವರ್ಷ ಆತು, ಇನ್ನೇನ ನಾಚಿಕಿ, ಅವರು ಈ ಮುಂದಿನ ಖೋಲ್ಯಾಗನ ಅರಿವಿ ಹೊಲೀತಿದ್ರು. ಕೂಸು ಮಿಷನ್ ಕೆಳಗ ಕುಂತಿರ್ತಿತ್ತು, ಚಿಂದಿ ಆರಸ್ಕೋತ. ಅಳತಿ ಕೊಡೂಮುಂದ ಮಂದಿ ತಮ್ಮ ಮನಿ ಸುದ್ದಿ ಹೇಳ್ತಾರ, ನಿನಗ ಗೊತ್ತೈತೋ ಇಲ್ಲೋ. ಕೈ ಎತ್ತಿ ನಿಂತಾಗ ಬಾಯಿ ತಂತಾನ ಬಿಡ್ತೈತಿ. ಅತ್ತಿ ಸುದ್ದಿ, ನಾದಿನಿ ಸುದ್ದಿ, ಗಂಡ ಕುಡಿಯೂ ಸುದ್ದಿ. ಯಜಮಾನ್ರು ಹ್ಞೂಂ ಅಂತ ಟೇಪ್ ಹಿಡದ ನಿಂತಿರಾವ್ರು, ಒಬ್ಬರ ಮಾತ ಇನ್ನೊಬ್ಬರಿಗೆ ಹೇಳಿದವ್ರಲ್ಲ. ಆ ಚಟ ಈಕಿಗೆ ಅಲ್ಲಿಂದನ ಹತ್ತಿದ್ದು. ಧಾರವಾಡದಾಗ ಸಮಾಲೋಚನಾ ಕಲತಿದ್ದು ಆಮ್ಯಾಲ.

ಕಲತು, ಅಲ್ಲೇ ಒಂದ್ ದವಾಖಾನ್ಯಾಗ ಎರಡ ವರ್ಷ ಕೆಲಸ ಮಾಡಿ, ಗೋಕಾಕಕ್ಕನ ಬಂದು ಸ್ವಂತ ಹಚ್ಚತೇನಿ ಅಂದ್ಲು. ಯಜಮಾನ್ರ ಮಿಷನ್ ಬಾಜೂಕ ಸರಿಸಿ, ಎರಡ ಕುರ್ಚಿ ಹಾಕಿ, ನಿಲುವುಗನ್ನಡಿಗೆ ಬಿಳೆ ಅರಿವಿ ಹೊಚ್ಚಿದ್ಲು. ಅಳಾಕ ಬಂದವ್ರು ತಮ್ಮ ಮಾರಿ ತಾವ ನೋಡಬಾರದಂತ. ಹೊರಗ ದೊಡ್ಡ ಬೋರ್ಡ್, ಆಪ್ತ ಸಮಾಲೋಚನಾ ಕೇಂದ್ರ. ಮೂರ ತಿಂಗಳು ಒಂದ್ ನಾಯಿ ಸೈತ ಬರಲಿಲ್ಲ. ಮಂದಿ ಬೋರ್ಡ್ ನೋಡಿ ಆ ಕಡೆ ದಂಡಿಗೆ ಹಾದು ಹೋಗೂದು, ತಲಿ ಕೆಟ್ಟವ್ರು ಅಂದಾರಂತ. ನಾ ಒಂದಿನ ಆಕಿ ಪ್ಯಾಟಿಗೆ ಹೋದಾಗ ಆ ಬೋರ್ಡ್ ಇಳಿಸಿ, ಹಳೇ "ಜಿನಪ್ಪ ಟೇಲರ್ಸ್" ಬೋರ್ಡ್ ಒರಸಿ ಹಾಕಿಸಿದ್ನಿ. ಆರತಿ ನಕ್ಕಳು, ತಗೀಲಿಲ್ಲ. ಆ ವಾರನ ಇಬ್ಬರ ಬಂದ್ರು. ಕೈಚೀಲದಾಗ ಒಂದ್ ಬ್ಲೌಸ್ ಪೀಸ್. ಯಾರರ ಕೇಳಿದ್ರ ಹೊಲ್ಯಾಕ ಹೊಂಟೇನಿ ಅನ್ನಾಕ. ಗಂಡಸರಾದ್ರ ಒಂದ್ ಪ್ಯಾಂಟು, ಕಾಲ ಸಣ್ಣ ಮಾಡಸಾಕ. ಹಂಗ ಬರಕೋತ ಬರಕೋತ ಈಗ ವಾರದಾಗ ಐದ ದಿನ ಖೋಲಿ ಖಾಲಿ ಇರೂದಿಲ್ಲ. ನಾ ಹೆಸರ ಕೇಳಂಗಿಲ್ಲ. ನೀರ ಕೊಡ್ತೇನಿ, ಒಳಗ ಕಳಸ್ತೇನಿ. ಒಬ್ಬಿಬ್ಬರು ನನ್ನ ಕಡೆ ಖರೇನ ಹೊಲಿಸಿಕೊಂಡೂ ಹೋಗ್ಯಾರ.

ವಿಮಾ ಸುದ್ದಿ ಹೇಳಾಕತ್ತಿದ್ನಲ್ಲ. ಧಾರವಾಡದ ಆಕಿ ಮೇಡಂ ಒಬ್ಬರು, "ಸ್ವಂತ ಖೋಲಿ ಹಚ್ಚಿದ್ರ ಮೊದಲ ವಿಮಾ ಮಾಡಸು, ಯಾರರ ನಿನ್ನಿಂದ ಲುಕ್ಸಾನ ಆತು ಅಂತ ಕೋರ್ಟಿಗೆ ಹೋದ್ರ ವಕೀಲ, ದಂಡ ಎಲ್ಲಾ ಕಂಪನಿ ನೋಡ್ಕೋತೈತಿ" ಅಂದಿದ್ರಂತ. ಹೊಳೆಪ್ಪ ಅಂತ ನಮ್ಮ ಓಣ್ಯಾಗಿನ ಏಜೆಂಟ. ಆರತಿ ಕೇಳಿದಾಗ ಅಂವ ಪೆನ್ನ ಕಿವ್ಯಾಗ ಸಿಗಸ್ಕೊಂಡು ನೋಡಕೋತ ಕುಂತ.

"ಅಕ್ಕಾರ, ಟ್ರ್ಯಾಕ್ಟರಿಗೆ ಮಾಡೇನಿ, ಎಮ್ಮಿಗೆ ಮಾಡೇನಿ. ಮಾತಿಗೆ ಮಾಡಿಲ್ಲ."

"ಎಮ್ಮಿಗೆ ಕಿವಿಗೆ ನಂಬರಿನ ಬಿಲ್ಲಿ ಹೊಡಿತೀರಿ," ಅಂದ್ನಿ ನಾನು, "ನಮ್ಮ ಹುಡಿಗಿಗೆ ಎಲ್ಲಿ ಹೊಡಿತಿ?"

ನನಗ ಆ ಕಂಪನಿಯವ್ರ ಮ್ಯಾಲ ನಂಬಿಗಿ ಇರಲಿಲ್ಲ. ತುಕ್ಕಾನಟ್ಟ್ಯಾಗ ನನ್ನ ತಮ್ಮನ ಮುರ್ರಾ ಎಮ್ಮಿ ಸತ್ತಾಗ ಬಿಲ್ಲಿ ಬಣವ್ಯಾಗ ಬಿದ್ದು ಹೋಗಿತ್ತು. ಬಿಲ್ಲಿ ಇಲ್ಲ ಅಂದ್ರ ಇದು ನಮ್ಮ ಎಮ್ಮಿ ಅಲ್ಲ ಅಂದ್ರು. ಮೂರ ದಿನ ಬಣವಿ ಕೆದರಿ ಹುಡಕಿದ ಪಾಪ, ಸಿಗಲಿಲ್ಲ. ಇರಲಿ. ಹೊಳೆಪ್ಪ ಹದಿನೈದ ದಿನ ಫೋನ್ ಹಚ್ಚಿ ಹಚ್ಚಿ ಕಡೀಕ ಪುಣೆದಿಂದ ಆ ಕಾಗದ ತರಿಸಿದ. ಹನ್ನೊಂದ ಹಾಳಿ, ಇರಿವಿ ಹರದಂಗ ಸಣ್ಣ ಅಕ್ಷರ. ಆರತಿ ಪೂರಾ ಓದಿದ್ಲು, ನಂಗೂ ಓದಿ ಹೇಳಿದ್ಲು. ಆ ಮೂರನೇ ಹಾಳಿ ನಾ ಲಕ್ಷ್ಯ ಕೊಟ್ಟ ಕೇಳಬೇಕಾಗಿತ್ತು. ಅವತ್ತ ನಾ ಶಾವಿಗಿ ಒಣ ಹಾಕಾಕತ್ತಿದ್ನಿ.

ಈಗ ಅಣ್ಣಾಸಾಹೇಬ.

ಹುಕ್ಕೇರ್ಯಾಗ ಪೈಪು, ಮೋಟಾರು ಮಾರೂ ಅಂಗಡಿ ಅವಂದು, ನೀನೂ ಹುಕ್ಕೇರ್ಯಾಕಿ ಅಲ್ಲ, ನೋಡಿರ್ತಿ. ನಮ್ಮವನ, ಜೈನರವ. ಬಸದಿ ಕೆಲಸದಾಗೆಲ್ಲಾ ಮುಂದ. ಅವನ ಲಗ್ನದ ಕೋಟ್ ನಮ್ಮ ಯಜಮಾನ್ರ ಹೊಲದಿದ್ದು, ನಂಗ ಕಾಕು ಅಂತಾನ. ಹೋದ ವರ್ಷದ ಹಿಂದಿನ ವರ್ಷ ಸೊಸೀನ್ನ ಕರಕೊಂಡ ಬಂದ. ಸೊಸಿ ಹೆಸರ ನಾ ಹೇಳಂಗಿಲ್ಲ, ಆರತಿ ಆಣಿ ಹಾಕ್ಸ್ಯಾಳ. ಮಾವನ ಹೆಸರಿಗೆ ಯಾರೂ ಆಣಿ ಹಾಕ್ಸಿಲ್ಲ.

"ಕಾಕು, ಹುಡಿಗಿಗೆ ನಿದ್ದಿ ಇಲ್ಲ, ಕೈ ನಡಗ್ತಾವ, ಹಾಲ ಚೆಲ್ಲತಾಳ. ನಮ್ಮ ಆರತಿಗೆ ಹೇಳ್ರಿ, ನಾಕ ಮಾತ ಹೇಳಿ ಮನ್ಯಾಗ ಹೇಳಿದ್ದ ಕೇಳೂಹಂಗ ಮಾಡಲಿ" ಅಂದ.

"ಆರತಿ ಹಂಗೆಲ್ಲ ಮಾಡಂಗಿಲ್ಲೋ. ಬಂದವ್ರ ಮಾತ ತಾ ಕೇಳ್ತಾಳ," ಅಂದ್ನಿ.

"ಅದನೂ ಮಾಡಲಿ."

ಎಂಟ ತಿಂಗಳು, ಪ್ರತಿ ಗುರುವಾರ ಬಂತು ಆ ಹುಡಿಗಿ. ಒಂದ ಹಸರ ಬ್ಲೌಸ್ ಪೀಸ್ ತರ್ತಿತ್ತು, ಎಂಟ ತಿಂಗಳೂ ಅದ. ಒಳಗ ಏನ ಮಾತಾಡಿದ್ರೋ ನನಗ ಗೊತ್ತಿಲ್ಲ. ಹೊರಗ, ಬಸ್ಸಿಗೆ ಟೈಮ್ ಐತಂತ ನನ್ನ ಹಂತ್ಯಾಕ ಕುಂತಾಗ ಹೇಳಿದ್ದು ಗೊತ್ತೈತಿ. ಆಕಿ ಡಿಗ್ರಿ ಸರ್ಟಿಫಿಕೇಟೆಲ್ಲಾ ಮಾವ ಅಂಗಡಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ಯಾನ. ತವರಿಗೆ ಫೋನ್ ಮಾಡಬೇಕಂದ್ರ ಅವನ ಮುಂದ, ಸ್ಪೀಕರ್ ಹಚ್ಚಿ. ಗಂಡ ಅನ್ನಾಂವ ಅಪ್ಪನ ಮಾರಿ ನೋಡಿ ಉಣ್ಣಾಂವ. ಕಡೇ ಗುರುವಾರ ಹುಡಿಗಿ ಆ ಹಸರ ಪೀಸ್ ನನ್ನ ಕೈಯಾಗ ಇಟ್ಟು, "ಆಯಿ, ಇದನ್ನ ಈಗ ಖರೇನ ಹೊಲೀರಿ" ಅಂತು. ಹೊಲದ ಕೊಟ್ನಿ. ಅದನ್ನ ಹಾಕ್ಕೊಂಡು ಆಷಾಢದಾಗ ತವರಿಗೆ ಹೋತು. ತಿರಗಿ ಬರಲಿಲ್ಲ. ಈಗ ಕೆಲಸ ಮಾಡ್ತೈತಿ, ಎಲ್ಲಿ ಅಂತ ಹೇಳಂಗಿಲ್ಲ.

ನಾಕ ದಿನಕ್ಕ ಅಣ್ಣಾಸಾಹೇಬ ಬಂದ. ಇದ ಕಟ್ಟಿ ಮುಂದ ನಿಂತು, ಓಣಿ ಮಂದೆಲ್ಲಾ ಕೇಳೂಹಂಗ, "ಮನಿ ಕೂಡಸ್ರಿ ಅಂತ ಕಳಿಸಿದ್ನಿ, ಮನಿ ಮುರದ ಕಳಿಸಿದ್ರಿ" ಅಂದ. ಆ ಹುಡಿಗಿ ಏನೇನ ಹೇಳ್ಯಾಳ ಎಲ್ಲಾ ಬರದ ಇಟ್ಟಿರಲ್ಲ, ಆ ವಹಿ ಕೊಡ್ರಿ ಅಂದ. ಆರತಿ "ಅದು ಆಕೀದು, ನಿಮ್ಮದಲ್ಲ ಕಾಕಾ, ಕೊಡೂದಿಲ್ಲ" ಅಂತ ಒಂದ ಮಾತ ಹೇಳಿ ಒಳಗ ಹೋದ್ಲು. ಮುಂದಿನ ತಿಂಗಳ ವಕೀಲರ ನೋಟೀಸ್ ಬಂತು. ತಪ್ಪ ಸಲಹಾ ಕೊಟ್ಟು ಸಂಸಾರ ಹಾಳ ಮಾಡ್ಯಾಳ, ಇಪ್ಪತ್ತ ಲಕ್ಷ ಕೊಡಬೇಕು, ಇಲ್ಲಾಂದ್ರ ಬೆಳಗಾವಿ ಗ್ರಾಹಕರ ಕೋರ್ಟು. ಆರತಿ ಅವತ್ತ ಕಂಪನಿಗೆ ತಿಳಿಸಿದ್ಲು. ಅವರು, "ನಾವ ನೋಡ್ಕೋತೇವಿ, ನೀವ ಆ ಮನಿಯವ್ರ ಸಂಗಾಟ ಏನೂ ಮಾತಾಡಬ್ಯಾಡ್ರಿ" ಅಂದ್ರು.

ಇಲ್ಲೀತನಕ ಎಲ್ಲಾ ಛಂದ ಇತ್ತು. ಕೆಡಸಿದಾಕಿ ನಾನು.

ಭಾದ್ರಪದ ಬಂತು. ನಮ್ಮ ಪರ್ವ ಹತ್ತ ದಿನ ಮುಗಿದ ಮ್ಯಾಲ ಕ್ಷಮಾವಳಿ ಇರ್ತೈತಲ್ಲ, ಎಲ್ಲಾರೂ ಎಲ್ಲಾರಿಗೂ ಕ್ಷಮಾ ಕೇಳೂ ದಿನ. ದೊಡ್ಡವ್ರು ಸಣ್ಣವ್ರು ಅಂತಿಲ್ಲ, ಜಗಳ ಇದ್ದವ್ರು ಇಲ್ಲದವ್ರು ಅಂತಿಲ್ಲ. ಮನಸಿನ್ಯಾಗ, ಮಾತಿನ್ಯಾಗ, ಕೈಲೆ ಕಾಲಿಲೆ ಗೊತ್ತಿದ್ದೋ ಗೊತ್ತಿಲ್ಲದೋ ನೋಯಿಸಿದ್ರ ಕ್ಷಮಿಸ್ರಿ ಅಂತ. ನಾವು ವರ್ಷಾ ಕಾರ್ಡ್ ಹಾಕ್ತೇವಿ, ಐವತ್ತ ಅರವತ್ತ ಮನಿಗೆ. ಪಟ್ಟಿ ನಾ ಹೇಳ್ತೇನಿ, ಆರತಿ ಬರೀತಾಳ. ಅಣ್ಣಾಸಾಹೇಬನ ಹೆಸರಿಗೆ ಆಕಿ ಪೆನ್ನ ನಿಂತು.

"ಈ ವರ್ಷ ಆ ಮನಿಗೆ ಬ್ಯಾಡ ಆಯಿ. ಕಂಪನಿ ಬ್ಯಾಡ ಅಂದೈತಿ."

"ಕಂಪನಿ ಜೈನರದೇನ? ನಲವತ್ತ ವರ್ಷ ಹಾಕಿದ ಕಾರ್ಡ್. ಜಗಳ ಆದ ವರ್ಷನ ಬಿಟ್ರ ಕ್ಷಮಾ ಯಾಕ ಬೇಕು, ಅಚ್ಚುಮೆಚ್ಚಿನವ್ರಿಗೆ ಹಾಕ್ಕೋತ ಕುಂದರೂದಾ?"

ಆಕಿ ಪೆನ್ನ ಮುಚ್ಚಿ ಇಟ್ಲು. ನಾ ಅವತ್ತ ಮಧ್ಯಾಹ್ನ ಊಟಾ ಬಿಟ್ನಿ. ಎಪ್ಪತ್ತನಾಕ ವರ್ಷದ ಮುದಿಕಿ, ಹಠ ನೋಡು. ಕಡೀಕ ಬರದ್ಲು. "ನನ್ನಿಂದ ನಿಮ್ಮ ಮನಿಗೆ ಏನರ ನೋವ ಆಗಿದ್ರ ಕ್ಷಮಾ ಇರಲಿ ಕಾಕಾ", ಕೆಳಗ ಸಹಿ. ಕೈ ಆಕೀದು, ಮಾತ ನಂದು.

ಆ ದಿನ ಅಣ್ಣಾಸಾಹೇಬನೂ ಬಸದ್ಯಾಗ ಸಿಕ್ಕ. ಎರಡೂ ಕೈ ಜೋಡಿಸಿ, ಬಗ್ಗಿ, "ಉತ್ತಮ ಕ್ಷಮಾ ಕಾಕು, ಕಾರ್ಡ್ ಮುಟ್ಟೈತಿ" ಅಂದ. ನಾ ಅವನ ತಲಿ ಮ್ಯಾಲ ಕೈ ಇಟ್ನಿ. ಈ ಕೈ. ನೋಡು, ಇದ.

ಮೂರ ವಾರಕ್ಕ ಆ ಕಾರ್ಡ್ ಕೋರ್ಟಿನ್ಯಾಗ ಇತ್ತು. ತಪ್ಪ ಮಾಡೇನಿ ಅಂತ ತಾನ ಬರದ ಕೊಟ್ಟಾಳ ಅಂತ ಅವನ ವಕೀಲ ಕೇಸಿನ ಕಾಗದಕ್ಕ ಹಚ್ಚಿ ಕೊಟ್ಟಿದ್ದ. ಕಂಪನಿ ಕಾಗದ ಬಂತು, ಅದರಾಗ ಮೂರನೇ ಹಾಳಿ ತೋರಿಸಿದ್ರು: ನಮ್ಮನ್ನ ಕೇಳದ ಯಾರ ಮುಂದೂ ತಪ್ಪ ಒಪ್ಪಿಕೋಬಾರದು, ಒಪ್ಪಿದ್ರ ವಿಮಾ ಇಲ್ಲ. ಹದಿನೈದ ದಿನದಾಗ ನಿಮ್ಮ ಮಾತ ಹೇಳ್ರಿ. ಆರತಿ ನನಗ ಬೈದಿದ್ರ ಚಲೋ ಇತ್ತು. ಒಳಗ ಹೋಗಿ ಕನ್ನಡಿ ಮ್ಯಾಲಿನ ಅರಿವಿ ತಗದು, ಮಡಿಚಿ, ಕುರ್ಚಿ ಮ್ಯಾಲ ಇಟ್ಲು. ಮಂದಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡಾಕ ಹತ್ತಿದ್ಲು. ಆ ಹುಡಿಗಿ ವಹಿ ಕೋರ್ಟಿನ್ಯಾಗ ಬಿಚ್ಚಿದ್ರ ಆಕಿ ಅವತ್ತ ಗೆಲ್ತಿದ್ಲು, ಶೈಲಾ. ಬಿಚ್ಚೂದಿಲ್ಲ ಅಂದ್ಲು. ಈ ಮನಿ ಹೋದ್ರೂ ಬಿಚ್ಚೂದಿಲ್ಲ.

ನಾನು ಇರಿವಿ ಕಂಡ್ರ ದಾಟಿ ಹೋಗಾಕಿ, ಸಂಜಿ ಮುಂದ ಉಂಡು ಮುಗಸಾಕಿ. ಆದ್ರ ಕ್ಷಮಾ ಹಿಡಕೊಂಡ ಹೋಗಿ ಕೋರ್ಟಿಗೆ ಹಚ್ಚಿದವನ್ನ ನಾ ಬಿಡೂದಿಲ್ಲ ಅಂತ ಅವತ್ತ ಬಸದಿ ಮೆಟ್ಟಲಾ ಮುಟ್ಟಿ ಹೇಳಿ ಬಂದ್ನಿ. ದೇವರಿಗೆ ಸಿಟ್ಟ ಬಂದ್ರ ಬರಲಿ.

ಗುರುರಾಜ ವಕೀಲರು, ನಮ್ಮ ಊರಾವ್ರು, ಕಾಗದ ಓದಿ, "ಆಯಿ, ಇದು ನಿಮ್ಮ ಪದ್ಧತಿ ಅಂತ ಕಂಪನಿಗೆ ತೋರಸಬೇಕು. ಬ್ಯಾರೆ ಮಂದಿ ಹಾಕಿದ ಕಾರ್ಡ್ ಒಂದ ನಾಕ ಇದ್ರ ಕೊಡ್ರಿ" ಅಂದ್ರು.

"ಯಾರ ಕಾರ್ಡ್ ಆದ್ರೂ ನಡೀತೈತೇನ್ರಿ?"

"ಯಾರದಾದ್ರೂ."

ನಾ ಮನಿಗೆ ಬಂದು ಗ್ವಾಡಿ ಮೊಳಿಗೆ ಹಾಕಿದ್ದ ಕಾರ್ಡ್ ತಗದ್ನಿ. ಅಣ್ಣಾಸಾಹೇಬನ ಕಾರ್ಡ್. ಅಂವ ಆ ವರ್ಷ ಸೊಸೈಟಿ ಇಲೆಕ್ಷನ್‌ಗೆ ನಿಂದ್ರಾಂವ ಇದ್ದ, ಎರಡ ಸಾವಿರ ಬಣ್ಣದ ಕಾರ್ಡ್ ಪ್ರಿಂಟ್ ಹಾಕ್ಸಿದ್ದ. ಮ್ಯಾಲ ಕೈ ಮುಗದ ಅವಂದ ಫೋಟೋ, ಕೆಳಗ "ನನ್ನಿಂದ ಗೊತ್ತಿದ್ದೋ ಗೊತ್ತಿಲ್ಲದೋ ಆದ ಎಲ್ಲಾ ತಪ್ಪಿಗೂ ಕ್ಷಮೆ ಇರಲಿ", ಅದರ ಕೆಳಗ ಸಹಿ. ಮೂರು ತಾಲೂಕಿಗೆ ಹಂಚಿದ್ದ, ಜೈನರು ಲಿಂಗಾಯತರು ಅನ್ನದ. ಹಿಂದ ಖಾಲಿ ಬಿಳೆ ಹಾಳಿ.

ಆ ಖಾಲಿ ಜಾಗಾ ನೋಡಿ ನನಗ ಬುದ್ಧಿ ಬಂತು. ಅದನ್ನ ಗುರುರಾಜನೂ ಹೇಳಿಕೊಟ್ಟಿಲ್ಲ, ಆರತೀಗೂ ಹೇಳಲಿಲ್ಲ.

ಮರದಿನ ಮುಂಜಾನಿ ರೊಟ್ಟಿ ಕಟಗೊಂಡು ಬಸ್ ಹತ್ತಿದ್ನಿ. ಮೊದಲ ಕುಲಗೋಡ. ಅಲ್ಲಿ ರಾಯಪ್ಪ, ಕಬ್ಬಿನ ಹೊಲದಾವ, ಕಾರ್ಡ್ ಕ್ಯಾಲೆಂಡರ್ ಮೊಳಿಗೆ ಸಿಗಸಿದ್ದ.

"ಇದನ್ನ ನನಗ ಕೊಡೋ ರಾಯಪ್ಪಾ."

"ಒಯ್ರಿ ಆಯಿ, ದಿನಾ ಅವನ ಮಾರಿ ನೋಡಿ ಏಳೂದ ಬ್ಯಾಡಾಗಿತ್ತು."

"ಕ್ಷಮಾ ಕೇಳ್ಯಾನಲ್ಲ. ಯಾವ ತಪ್ಪಿಗೆ?"

ಅಂವ ನಕ್ಕ. ಆಮ್ಯಾಲ ನಗೂದ ನಿಂತು. "ಮೋಟಾರ್ ಹೊಸಾದು ಅಂತ ಹಳೇದ ಕೊಟ್ಟ. ಬ್ಯಾಸಗ್ಯಾಗ ಸುಟ್ಟು ಹೋತು. ಕೇಳಾಕ ಹೋದ್ರ ಅಂಗಡಿ ಹುಡುಗರ ಕಡಿಂದ ಹೊರಗ ದಬ್ಬಿಸಿದ."

"ಹಿಂದ ಬರಿ ಅದನ್ನ. ಸಹಿ ಮಾಡು."

ಬರದ. ಅಷ್ಟ ನೋಡು. ತುಕ್ಕಾನಟ್ಟ್ಯಾಗ ಏಳ ಕಾರ್ಡ್. ಮೂಡಲಗ್ಯಾಗ ಹನ್ನೆರಡ. ದಡ್ಡ್ಯಾಗ ಹೊಳಿ ದಂಡಿ ಭೀಮರಾಯ ಅಂತ ಒಬ್ಬ, ಬರ್ಯಾಕ ಬರೂದಿಲ್ಲ, ಮೊಮ್ಮಗಳ ಕಡೆ ಬರಸಿದ, ಪೈಪ್ ಲೈನ್ ಹಾಕೂಮುಂದ ತನ್ನ ಹೊಲದಾಗ ಹಾಸಿ ಒಂದ ಮಾತ ಕೇಳಲಿಲ್ಲ ಅಂತ. ಹೆಬ್ಬಟ್ಟ ಒತ್ತಿದ. ಹುಕ್ಕೇರ್ಯಾಗಂತೂ ಚೀಲ ಬಿರೀತು. ಒಬ್ಬಾಕಿ ಒಂದ ಕಾರ್ಡ್ ಸಾಲೂದಿಲ್ಲ ಅಂತ ಬಾಜೂ ಮನಿದೂ ಇಸಕೊಂಡು ಬರದ್ಲು. ಹನ್ನೊಂದ ದಿನ ತಿರಗಿದ್ನಿ, ಕಾಲ ಬಾತು ಚಪ್ಪಲ ಹತ್ತಲಿಲ್ಲ. ಒಟ್ಟ ತೊಂಬತ್ತಾರ. ಕೆಲವರು ಏನೂ ತಪ್ಪ ಮಾಡಿಲ್ಲ, ಚಲೋ ಮನಶ್ಯಾ ಅಂತ ಬರದ್ರು. ಅಂಥವು ನಾಕು. ಅವನ್ನೂ ಇಟ್ಟೇನಿ, ನಾ ಸುಳ್ಳ ಮಾಡಾಕಿ ಅಲ್ಲ.

ಆ ಹುಡಿಗಿ ತವರಿಗೂ ಹೋಗಿದ್ನಿ. ಅವನ ಹೆಸರಿನ ಪಟ್ಟ್ಯಾಗ ಬೀಗರ ವಿಳಾಸ ಹಂಗ ಉಳಕೊಂಡಿತ್ತು, ಅಲ್ಲೀಗೂ ಕಾರ್ಡ್ ಹೋಗಿತ್ತು. ಹುಡಿಗಿ ಅದನ್ನ ತಗೊಂಡು ಒಳಗ ಹೋತು. ಭಾಳೊತ್ತ ಬರಲಿಲ್ಲ. ಹಿಂದ ತುಂಬಾ ಬರದು, ಅರ್ಧಕ್ಕ ಮಡಿಚಿ ತಂದು, "ಆಯಿ, ಇದನ್ನ ಯಾರೂ ಓದಬಾರದು, ಆದ್ರ ಇರಬೇಕು" ಅಂತು. ನಾ ಮನಿಗೆ ಬಂದು ಅದನ್ನ ಹಸರ ಚಿಂದ್ಯಾಗ ಇಟ್ಟು ನಾಕೂ ಕಡೆ ಹೊಲದ್ನಿ. ಅದ ಬ್ಲೌಸಿನ ಚಿಂದಿ, ಉಳದಿತ್ತು. ನಾನೂ ಓದಿಲ್ಲ.

ಗುರುರಾಜಗ ಮುಂದಿನ ಬಾಜೂ ಮಾತ್ರ ತೋರಸಿದ್ನಿ, ಹಿಂದಿಂದಲ್ಲ. ಅಂವ ಜೆರಾಕ್ಸ್ ಮಾಡಿ ಕಂಪನಿಗೆ ಕಳಿಸಿದ. ಕಂಪನ್ಯಾಗ ಯಾರೋ ತಿಳವಳಿಕಿ ಇದ್ದಾವ್ರ ಇರಬೇಕು, ಎಂಟ ದಿನಕ್ಕ, "ಇದು ತಪ್ಪೊಪ್ಪಿಗಿ ಅಲ್ಲ, ವಿಮಾ ಐತಿ, ವಕೀಲನ್ನ ನಾವ ಕೊಡ್ತೇವಿ" ಅಂತ ಬರದ್ರು. ಹೊಳೆಪ್ಪ ಆ ಕಾಗದ ಹಿಡಕೊಂಡು ಓಣಿ ತುಂಬ ಓಡ್ಯಾಡಿದ, ತಾನ ಬರದಂಗ.

ಬೆಳಗಾವಿಗೆ ನಾನೂ ಹೋದ್ನಿ. ಕಂಪನಿ ವಕೀಲ ಹೆಣ್ಣುಮಗಳು, ಸಣ್ಣ ಧ್ವನಿ. ಅಣ್ಣಾಸಾಹೇಬನ ಮುಂದ ಅವನ ಕಾರ್ಡ್ ಹಿಡದು ಕೇಳಿದ್ಲು.

"ಈ ಸಹಿ ನಿಮ್ಮದ ಅಲ್ರಿ?"

"ನಂದ."

"ಹಂಗಾದ್ರ ಎರಡ ಸಾವಿರ ಮಂದಿಗೆ ತಪ್ಪ ಮಾಡೀರಿ?"

"ಇಲ್ರಿ ಮೇಡಂ, ಅದು ನಮ್ಮ ಪದ್ಧತಿ."

"ಆರತಿ ಅವರದ್ದು?"

ಅಂವ ನೀರ ಕೇಳಿದ. ಅವನ ವಕೀಲ ತಾರೀಖ ಕೇಳಿದ. ಮುಂದಿನ ತಾರೀಖಿಗೆ ಕೇಸ್ ವಾಪಸ್ ತಗೊಂಡ್ರು.

ಆರತಿಗೆ ಅಷ್ಟ ಸಾಕಾಗಿತ್ತು. ಕನ್ನಡಿಗೆ ತಿರಗಿ ಅರಿವಿ ಹೊಚ್ಚಿದ್ಲು. ನನಗ ಸಾಕಾಗಲಿಲ್ಲ. ಯಾಕಂದ್ರ ಅಂವ ಹುಕ್ಕೇರ್ಯಾಗ, "ಮುದಿಕಿ ಕಾಲಿಗೆ ಬಿದ್ಲು, ನಮ್ಮವರಂತ ಬಿಟ್ಟ ಕೊಟ್ನಿ" ಅಂತ ಹೇಳ್ಕೋತ ತಿರಗಾಕತ್ತಿದ್ದ. ಅದನ್ನ ಕೇಳಿದ ದಿನ ನಾ ಚೀಲ ತಗೊಂಡು ಅವನ ಅಂಗಡಿಗೆ ಹೋದ್ನಿ. ಸಂತಿ ದಿನ, ಗಿರಾಕಿ ತುಂಬಿದ್ರು. ಅವನ ಮೇಜಿನ ಮ್ಯಾಲ ಚೀಲ ಇಟ್ಟು, ಚಾಳೀಸ ಹಾಕ್ಕೊಂಡು, ಮೊದಲನೇ ಕಾರ್ಡ್ ತಗದ್ನಿ.

"ಕುಲಗೋಡ ರಾಯಪ್ಪ. ಮೋಟಾರ್ ಹೊಸಾದಂತ ಹಳೇದ ಕೊಟ್ಟ."

"ಕಾಕು, ಒಳಗ ಬರ್ರಿ, ಚಾ ಕುಡಿಯೂನು."

"ದಡ್ಡಿ ಭೀಮರಾಯ. ಹೆಬ್ಬಟ್ಟ ಐತಿ ನೋಡು."

ಆರ ಓದಿದ್ನಿ. ಮೋಟಾರ್ ತಗೋಳಾಕ ಬಂದವ ಒಬ್ಬ ರೊಕ್ಕ ತಿರಗಿ ಕಿಸೆದಾಗ ಇಟಗೊಂಡ. ಏಳನೇದು ಹಸರ ಚಿಂದಿ. ಅದನ್ನ ಮೇಜಿನ ಮ್ಯಾಲ ಇಟ್ನಿ, ಓದಲಿಲ್ಲ. ಅಂವ ಆ ಅರಿವಿ ಗುರ್ತ ಹಿಡದ. ಮಾರಿ ಇಳೀತು.

"ಇದರಾಗ ಏನ ಬರದಾಳ?" ಅಂದ, ಸಣ್ಣ ದನಿಲೆ.

"ನೀ ಮಾಡಿದ್ದು. ನಿನಗ ಗೊತ್ತಿರಬೇಕಲ್ಲೋ," ಅಂದು, ಎಲ್ಲಾ ಚೀಲಕ್ಕ ಹಾಕ್ಕೊಂಡು ಬಸ್ ಸ್ಟ್ಯಾಂಡಿಗೆ ಬಂದ್ನಿ. ಆ ಮಧ್ಯಾಹ್ನ ಬಸ್ ಸ್ಟ್ಯಾಂಡಿನ್ಯಾಗ ತಿಂದ ರೊಟ್ಟಿ ರುಚಿ ಇನ್ನೂ ಬಾಯಾಗ ಐತಿ.

ಆರತಿಗೆ ಗೊತ್ತಾಗಿ ಎರಡ ದಿನ ನನ್ನ ಕೈಲೆ ಚಾ ಕುಡಿಲಿಲ್ಲ. "ಅಂವ ಮಾಡಿದ್ದನ್ನ ನೀನೂ ಮಾಡಿದಿ ಆಯಿ. ಕ್ಷಮಾ ಕಾರ್ಡಿಲೆ ಬಡದಿ" ಅಂದ್ಲು. ಖರೆ ಐತಿ ಆಕಿ ಮಾತು. ಹೌದಂದ್ನಿ. ಮತ್ತ ಬಡೀತೇನಿ ಅಂತನೂ ಅಂದ್ನಿ. ಮೂರನೇ ದಿನ ಆಕೀನ ನನ್ನ ಕಾಲಿಗೆ ಎಣ್ಣಿ ತಿಕ್ಕಾಕ ಕುಂತ್ಲು.

ಇಲೆಕ್ಷನ್‌ಗೆ ಅಂವ ನಿಂದ್ರಲಿಲ್ಲ. ಹೋದ ತಿಂಗಳ ಇಲ್ಲಿ ಬಂದಿದ್ದ, ಇದ ಕಟ್ಟಿಗೆ. ಸೊಸಿ ಸರ್ಟಿಫಿಕೇಟ್ ತವರಿಗೆ ಮುಟ್ಟಿಸೇನಿ ಅಂದ. ಕಾರ್ಡ್ ಕೊಡ್ರಿ, ಕ್ಷಮಾ ಕೊಡ್ರಿ ಕಾಕು ಅಂತ ಕೈ ಮುಗದ. ಫೋಟೋದಾಗ ಮುಗದಂಗ. ನಾ ಕೊಡಲಿಲ್ಲ. ಯಾವುದಕ್ಕ ಕೇಳ್ತಾನ ಅಂತ ತನ್ನ ಬಾಯಿಲೆ ಒಂದ ಮಾತ ಹೇಳಲಿಲ್ಲ ಅಂವ.

ಕೊಡೂದು ಹೆಂಗ ಅಂತ ನಾ ವಿಚಾರ ಮಾಡೇನಿ. ಬರೂ ವಾರ ಕ್ಷಮಾವಳಿ. ನೀ ನಾಳೆ ಹುಕ್ಕೇರಿಗೆ ತವರಿಗೆ ಹೊಂಟೇನಿ ಅಂದ್ಯಲ್ಲ ಶೈಲಾ. ಆ ಗೂಡಿನ್ಯಾಗ ಕರದಂಟ ಡಬ್ಬಿ ಕೆಳಗ ಒಂದ ಕಾರ್ಡ್ ಐತಿ, ತಗೋ. ಅವನ ಕಾರ್ಡ್, ನನಗ ಬಂದಿದ್ದು. ಹಿಂದ ಖಾಲಿ ಐತಿ. ಅವನ ಅಂಗಡಿಗೆ ಹೋಗಿ ಅವನ ಕೈಯಾಗ ಕೊಡು, ಹುಡುಗರ ಕೈಯಾಗ ಕೊಡಬ್ಯಾಡ. ಸೊಸಿಗೆ ಏನ ಮಾಡೇನಿ, ಆರತಿಗೆ ಏನ ಮಾಡೇನಿ, ತನ್ನ ಕೈಲೆ ಬರೀಬೇಕನ್ನು. ಬರದು ಕೊಟ್ರ ಇಲ್ಲಿ ತಂದು ಕೊಡು, ನಾ ಅದನ್ನ ಆ ಹುಡಿಗಿ ಕಡೆ ಒಯ್ತೇನಿ, ಹಸರ ಚಿಂದಿ ಸಂಗಾಟ. ಆಕೀನ ಹೊಲಗಿ ಬಿಚ್ಚಿ ಎರಡೂ ಬಾಜೂಕ ಬಾಜೂಕ ಇಟ್ಟು ನೋಡಲಿ. ಆಕಿ ಎರಡೂ ತಾಳೆ ಆಗ್ತಾವ ಅಂದ್ರ ನಂದೂ ಕ್ಷಮಾ, ತೊಂಬತ್ತಾರೂ ಕಾರ್ಡ್ ವಾಪಸ್. ಇಲ್ಲಾಂದ್ರ ಚೀಲ ಮೊಳಿಗೆ ಇರಲಿ.

ಪೆನ್ನೂ ಒಯ್ಯಿ. ಇಲ್ಲಾಂದ್ರ ಪೆನ್ನಿಲ್ಲ ಅಂತಾನ.